ದಿವಾನ್ ರಂಗಾಚಾರ್ಲು ಅವರ ವೆಚ್ಚಸಂಕೋಚ

ದೊಡ್ಡಬಳ್ಳಾಪುರವನ್ನು ದಾಟಿ ಹಿಂದೂಪುರದ ಕಡೆಗೆ ಸಾಗುವ ರೈಲು ಮಾಕಳಿದುರ್ಗದ ಬುಡವನ್ನು ಬಳಸಿ ಹೋಗುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಮೇಲೆ ಹಳೆಯ ಕೋಟೆ, ಕೆಳಗೆ ಕಬ್ಬಿಣದ ಹಾದಿ. ಈ ಹಾದಿಯನ್ನು ಹಾಕಿದ್ದು 1890ರ ದಶಕದ ಮೊದಲಲ್ಲಿ. ಅಷ್ಟು ಹೊತ್ತಿಗೆ ದಿವಾನ್ ರಂಗಾಚಾರ್ಲು ಅವರು ಗತಿಸಿ ಸುಮಾರು ಹತ್ತು ವರ್ಷಗಳಾಗಿದ್ದುವು. ಆದರೆ ಬೊಕ್ಕಸ ಬರಿದಾಗಿರುವಾಗಲೂ ರೈಲಿಗೆ ಹಣವನ್ನು ಹುಡುಕಬೇಕೆಂದು ಮೈಸೂರು ಸಂಸ್ಥಾನಕ್ಕೆ ಹಟದಿಂದ ಕಲಿಸಿದವರು ಅವರೇ. ಅದೇ ಕೈಯಿಂದಲೇ ಅವರು ಎಷ್ಟೋ ನೌಕರರ ಹುದ್ದೆಗಳನ್ನು ಕತ್ತರಿಸಿದರು. ಸರ್ಕಾರದ ಖರ್ಚು ಕಡಿಮೆ ಮಾಡುವ ಮಾತು ಬಂದಾಗಲೆಲ್ಲ ನಮಗೆ ಈ ಮಹನೀಯರ ನೆನಪಾಗುವುದು.

ರಂಗಾಚಾರ್ಲು ಅವರು 1831ರಲ್ಲಿ ಮದರಾಸು ಆಧಿಪತ್ಯದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಹುಟ್ಟಿದರು. ತಂದೆ ಕಲೆಕ್ಟರರ ಕಚೇರಿಯಲ್ಲಿ ಗುಮಾಸ್ತರು. ಮಗನೂ ಮದರಾಸಿನಲ್ಲಿ ಇಂಗ್ಲಿಷ್ ವಿದ್ಯೆಯನ್ನು ಕಲಿತು ಗುಮಾಸ್ತೆಗೆಲಸದಿಂದಲೇ ಸರ್ಕಾರದ ಸೇವೆಗೆ ಸೇರಿದರು. ಮುಂದೆ ಇನಾಮ್ ಕಮಿಷನ್ನಿನಲ್ಲಿಯೂ ಕೆಲಸ ಮಾಡಿದರು. ಕಚೇರಿಯ ಕಾಗದಗಳ ನಡುವೆ ಬೆಳೆದವರಿಗೆ ಲಂಚದ ದಾರಿಗಳು ತಿಳಿಯದೆ ಇರುವುದಿಲ್ಲ. ತಿಳಿದೂ ಸುಮ್ಮನಿರುವುದು ಲೋಕರೂಢಿ. ಇವರಾದರೋ ಇನ್ನೂ ಕಿರಿಯ ನೌಕರರಾಗಿರುವಾಗಲೇ, ಕಂದಾಯ ಇಲಾಖೆಯ ಲಂಚಗುಳಿತನವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆದು ಪ್ರಕಟಿಸಿದರು. ಹಗಲೆಲ್ಲ ಸರ್ಕಾರದ ಬರವಣಿಗೆ, ಬಿಡುವಿನಲ್ಲಿ ಸ್ವಂತ ಬರವಣಿಗೆ. ಸಾಹಿತಿಯೆನಿಸಿಕೊಳ್ಳುವ ಆಸೆ ಅವರಿಗಿದ್ದಂತೆ ತೋರುವುದಿಲ್ಲ. ಅಂಕಿಗಳನ್ನು ಜನರ ಮುಂದಿಟ್ಟರೆ ಆಳುವವರು ನಾಚಿಯಾರೆಂಬ ನಂಬಿಕೆಯೇ ಅವರ ಲೇಖನಿಯನ್ನು ನಡೆಸಿತು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದರು. ಅರಮನೆಯ ವ್ಯವಹಾರವನ್ನು ಇತ್ಯರ್ಥಪಡಿಸಲು ನೇಮಕವಾದ ಮೇಜರ್ ಎಲಿಯಟ್ಟರಿಗೆ ಸಹಾಯಕರಾಗಿ ರಂಗಾಚಾರ್ಲು ಮೈಸೂರಿಗೆ ಬಂದರು. ಬಳಿಕ ಅರಮನೆಯ ಕಂಟ್ರೋಲರ್ ಆದರು. 1874ರಲ್ಲಿ, ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸಿ ಅವರು ಬರೆದ ಪುಸ್ತಿಕೆ ಲಂಡನ್ನಿನಲ್ಲಿ ಅಚ್ಚಾಯಿತು. ಐರೋಪ್ಯ ಅಧಿಕಾರಿಗಳ ಭಾರೀ ಸಂಬಳಗಳಿಂದ ಆಡಳಿತ ದುಬಾರಿಯಾಗಿದೆಯೆಂದೂ ದೇಶೀಯರಿಂದಲೇ ಅದನ್ನು ನಡೆಸಬಹುದೆಂದೂ ಅವರ ವಾದ. ಕಮಿಷನರ ಆಳ್ವಿಕೆಯ ಕೆಳಗೆ ಸಂಬಳ ತಿನ್ನುತ್ತಿದ್ದವರೊಬ್ಬರು ಇದನ್ನು ಬರೆಯಲು ಎಷ್ಟು ಎದೆಗಾರಿಕೆ ಬೇಕೆಂಬುದನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾಗಿರುವವರು ನಮಗಿಂತ ಚೆನ್ನಾಗಿ ಬಲ್ಲರು.

ಅನಂತರ ಬಂದುದು ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮ. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಕ್ಷಾಮನಿವಾರಣೆಗಾಗಿ ಭಾರತ ಸರ್ಕಾರದಿಂದ ತಂದ ಸಾಲ 80 ಲಕ್ಷ ರೂಪಾಯಿ. ಸಂಸ್ಥಾನದ ವರ್ಷದ ಹುಟ್ಟುವಳಿಯೇ ಹೆಚ್ಚುಕಡಮೆ 1 ಕೋಟಿ. 1881ರ ಮಾರ್ಚಿ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಸೇರಿ ರಂಗಾಚಾರ್ಲು ದಿವಾನರಾದಾಗ, ಈ ಸಾಲವೂ ಜೊತೆಯಲ್ಲಿ ಬಂದಿತು. ಬ್ರಿಟಿಷರಿಗೆ ಸಲ್ಲಬೇಕಾದ ವಾರ್ಷಿಕ ಪೊಗದಿ 24½ ಲಕ್ಷದಿಂದ 35 ಲಕ್ಷಕ್ಕೆ ಏರುವುದೆಂದು ಗೊತ್ತಾಗಿತ್ತು. ಕ್ಷಾಮದ ದೆಸೆಯಿಂದ ಆ ಏರಿಕೆಗೆ ಐದು ವರ್ಷಗಳ ವಾಯಿದೆ ದೊರಕಿತು. ರಾಜ್ಯವನ್ನು ಮರಳಿ ಕೊಟ್ಟ ಔದಾರ್ಯವನ್ನು ಹೊಗಳುವವರು ಈ ಲೆಕ್ಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ತೆರಿಗೆಯನ್ನು ಏರಿಸಿದರೆ ಕ್ಷಾಮದಿಂದ ಉಳಿದ ರೈತನೂ ಉಳಿಯನು. ಆದುದರಿಂದ ದಿವಾನರು ಕಚೇರಿಗಳ ಕಡೆಗೆ ತಿರುಗಿದರು. ಹಾಸನವೂ ಚಿತ್ರದುರ್ಗವೂ ಜಿಲ್ಲೆಯೆಂಬ ಪದವಿಯನ್ನು ಕಳೆದುಕೊಂಡು ಉಪವಿಭಾಗಗಳಾದುವು. ತಾಲ್ಲೂಕುಗಳ ಸಂಖ್ಯೆಯನ್ನೂ ನ್ಯಾಯಸ್ಥಾನಗಳನ್ನೂ ಕಡಮೆ ಮಾಡಿದರು. ದೊಡ್ಡ ಸಂಬಳದ ಐರೋಪ್ಯರ ಸ್ಥಳಗಳಲ್ಲಿ ದೇಶೀಯರು ಬಂದದ್ದು ಎಲ್ಲರಿಗೂ ಒಪ್ಪಿಗೆಯಾಗಿರಬೇಕು. ಆದರೆ ಒಂದು ಕಚೇರಿಯನ್ನು ಮುಚ್ಚಿದರೆ ಕೆಲಸ ಹೋಗುವುದು ದೊರೆಗೊಬ್ಬನಿಗೇ ಅಲ್ಲ. ಗುಮಾಸ್ತ, ಶಾನುಭೋಗನ ಲೆಕ್ಕ ನೋಡುವವನು, ದಫೇದಾರ, ಜವಾನ, ಇವರೆಲ್ಲರ ಮನೆಯ ಒಲೆಯೂ ಅದನ್ನೇ ನಂಬಿರುವುದು. ಮೇಲಾಗಿ, ಖಾಲಿ ಉಳಿದ ದೊಡ್ಡ ಹುದ್ದೆಗಳಿಗೆ ಮದರಾಸಿನವರೇ ಬರುತ್ತಿರುವರೆಂಬ ಅಸಮಾಧಾನ ಮೈಸೂರಿಗರಲ್ಲಿ ಬೆಳೆಯಿತು. ಅದು ಬರಿಯ ಹೊಟ್ಟೆಕಿಚ್ಚೆಂದು ನಾವು ಹೇಳಲಾರೆವು. ಈ ನಾಡಿನ ಹುಡುಗರಿಗೆ ಮೊದಲು ವಿದ್ಯೆ, ಆಮೇಲೆ ಹುದ್ದೆ ಎಂಬ ಉತ್ತರವು ಕೆಲಸವಿಲ್ಲದೆ ಕುಳಿತವನ ಹೊಟ್ಟೆಯನ್ನು ತುಂಬಿಸುವುದಿಲ್ಲ.

ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಾರಿ ಕೂಡಿತು. ಬಂದವರು 144 ಮಂದಿ ಜಮೀನುದಾರರೂ ವರ್ತಕರೂ. ಚುನಾವಣೆಯಿಲ್ಲ, ಅಧಿಕಾರಿಗಳೇ ಆರಿಸಿ ಕಳುಹಿಸಿದವರು. ಮತ ಕೊಡುವ ಹಕ್ಕೂ ಇಲ್ಲ. ಆದರೂ ರಾಜ್ಯದ ಜಮಾಖರ್ಚನ್ನು ದಿವಾನರು ಪ್ರಜೆಗಳ ಮುಂದೆ ತಾವಾಗಿ ಓದಿ ಹೇಳಿದ್ದು ಭಾರತದ ದೇಶೀಯ ಸಂಸ್ಥಾನಗಳಲ್ಲಿ ಹೊಸದು. ಲಂಚದ ಪುಸ್ತಿಕೆ ಬರೆದ ತರುಣ ಗುಮಾಸ್ತರ ಬಯಕೆ ಇಲ್ಲಿ ಕೈಗೂಡಿತೆಂದು ನಾವು ಭಾವಿಸುವೆವು. ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾರೆವು. ಜಮೀನುಳ್ಳವನಿಗೆ ಅಲ್ಲಿ ಬಾಯಿತ್ತು, ಅಂಗಡಿಯುಳ್ಳವನಿಗೆ ಇತ್ತು. ಕೆಲಸ ಕಳೆದುಕೊಂಡ ನೌಕರನಿಗೆ ಇರಲಿಲ್ಲ. ಅವನಿಗಿದ್ದುದು ಅರ್ಜಿಯೊಂದೇ. 2021ರ ಏಪ್ರಿಲಿನಲ್ಲಿ ನಮ್ಮ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಸಂಬಳವನ್ನು ಕೇಳಿ ಬಸ್ಸುಗಳನ್ನು ನಿಲ್ಲಿಸಿದರು; ಬೊಕ್ಕಸದಲ್ಲಿ ಹಣವಿಲ್ಲವೆಂದು ಸರ್ಕಾರ ಹೇಳಿತು. ಪ್ರಯಾಣಿಕರು ಪಟ್ಟ ಪಾಡನ್ನು ನಾವೂ ಕಂಡೆವು. ಆದರೂ ಸಂಘ ಕಟ್ಟಿಕೊಂಡು ಎದುರು ನಿಂತು ಕೇಳುವ ಆ ಬಲವು 1881ರ ಗುಮಾಸ್ತನಿಗೆ ಕನಸಿನಲ್ಲಿಯೂ ಇರಲಿಲ್ಲ.

ಇಷ್ಟು ಬಿಗಿಹಿಡಿದ ದಿವಾನರು ರೈಲಿನ ವಿಷಯದಲ್ಲಿ ಕೈ ಬಿಗಿಹಿಡಿಯಲಿಲ್ಲ. ಕ್ಷಾಮದಲ್ಲಿ ಧಾನ್ಯ ಒಂದು ಕಡೆ ಇದ್ದು ಜನ ಇನ್ನೊಂದು ಕಡೆ ಸತ್ತುದನ್ನು ಅವರು ಕಂಡಿದ್ದರು. ಬೆಂಗಳೂರಿನಿಂದ ಮೈಸೂರಿನವರೆಗಿನ ಹಾದಿ 1882ರಲ್ಲಿ ಪೂರೈಸಿತು. ತುಮಕೂರು ತಿಪಟೂರುಗಳ ಕಡೆಗೆ ಮುಂದುವರಿಸಲು ಸಾಲವೆತ್ತಿದರು. ಸಾಲದ ಮೇಲೆ ಸಾಲವೇ ಎಂದು ಕೇಳಿದವರಿಗೆ ತಿನ್ನುವ ಸಾಲ ಬೇರೆ, ದುಡಿಯುವ ಸಾಲ ಬೇರೆ ಎಂಬುದೇ ಅವರ ನಡತೆಯು ಕೊಟ್ಟ ಉತ್ತರ. ಈ ಭೇದವನ್ನು ಅರಿಯದೆ ಎಲ್ಲ ಖಾತೆಗಳಿಗೂ ಒಂದೇ ಕತ್ತರಿಯನ್ನು ಹಾಕುವವರನ್ನು ನಾವು ಮಿತವ್ಯಯಿಗಳೆಂದು ಕರೆಯಲಾರೆವು.

ದೇಹ ಬಹಳ ದಿನ ತಾಳಲಿಲ್ಲ. ಎರಡನೆಯ ಸಭೆಯನ್ನು ನಡೆಸಿದ ಕೆಲವೇ ತಿಂಗಳುಗಳಲ್ಲಿ, 1883ರ ಜನವರಿ 20ರಂದು, ಅವರು ಮದರಾಸಿನಲ್ಲಿ ತೀರಿಕೊಂಡರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಮೈಸೂರಿನ ಪುರಭವನಕ್ಕೆ ಅವರ ಹೆಸರನ್ನಿಟ್ಟರು. ಅವರ ಬಳಿಕ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಹಾಸನ ಚಿತ್ರದುರ್ಗಗಳು ಮತ್ತೆ ಜಿಲ್ಲೆಗಳಾದುವು. ಮುಚ್ಚಿದ್ದ ಕಚೇರಿಗಳ ಬಾಗಿಲುಗಳು ತೆರೆದುವು. ರೈಲುಹಾದಿಯಾದರೋ ಎಲ್ಲಿಯೂ ನಿಲ್ಲದೆ, ಮಾಕಳಿದುರ್ಗದ ತಿರುವುಗಳನ್ನು ದಾಟಿ, ಸಂಸ್ಥಾನದ ಗಡಿಯನ್ನು ಮುಟ್ಟಿತು.