ಯುದ್ಧದ ಸಂಬಳ, ಜಲವರ್ಣದ ವಿಮಾನ: ಎರಿಕ್ ರವಿಲಿಯಸ್ ಬದುಕು

ಕ್ರಿಕೆಟ್ ಹುಚ್ಚಿರೋರಿಗೆ ವಿಸ್ಡನ್ ವಾರ್ಷಿಕ ಗೊತ್ತಿರುತ್ತೆ. ಅದರ ಹಳದಿ ಮುಖಪುಟದ ಮೇಲೆ ಉದ್ದ ಟೋಪಿ ಹಾಕಿಕೊಂಡ ಇಬ್ಬರು ಹಳೇ ಕಾಲದ ಆಟಗಾರರ ಚಿತ್ರ ಇದೆಯಲ್ಲ, 1938ರಲ್ಲಿ ಬಂದ ಆ ಮರಗೆತ್ತನೆ ಮಾಡಿದಾತ ಎರಿಕ್ ರವಿಲಿಯಸ್. ಈ ಇಂಗ್ಲಿಷ್ ಕಲಾವಿದ ಸತ್ತು ಎಂಬತ್ತು ವರ್ಷ ದಾಟಿದೆ. ಆದರೆ ನನ್ನನ್ನು ಕಾಡುವುದು ಆತನ ಕ್ರಿಕೆಟ್ ಚಿತ್ರ ಅಲ್ಲ, ವಿಮಾನದ ಚಿತ್ರಗಳು. ಬ್ರಿಟಿಷ್ ಸರ್ಕಾರದಿಂದ ಸಂಬಳ ತಗೊಂಡು ಯುದ್ಧದ ಚಿತ್ರ ಬರೆದವನನ್ನು, ಅದೇ ಸರ್ಕಾರದ ಗುಂಡು ತಿಂದ ದೇಶದವರಾದ ನಾವು ಹೇಗೆ ನೋಡಬೇಕು?

ರವಿಲಿಯಸ್ ಹುಟ್ಟಿದ್ದು 1903ರಲ್ಲಿ, ಲಂಡನ್ನಿನ ಆಕ್ಟನ್‌ನಲ್ಲಿ. ಬೆಳೆದದ್ದು ಸಸೆಕ್ಸ್ ಕಡಲ ತೀರದ ಈಸ್ಟ್‌ಬೋರ್ನ್‌ನಲ್ಲಿ. ಅಲ್ಲಿನ ಸುಣ್ಣಕಲ್ಲಿನ ಬೋಳು ಗುಡ್ಡಗಳು, ತೆಳು ಬಿಸಿಲು ಆತನ ಚಿತ್ರಗಳಲ್ಲಿ ಕೊನೆವರೆಗೂ ಉಳಿದವು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪಾಲ್ ನ್ಯಾಶ್ ಪಾಠ ಹೇಳಿದರು, ಎಡ್ವರ್ಡ್ ಬಾಡೆನ್ ಜೀವದ ಗೆಳೆಯನಾದ. 1930ರಲ್ಲಿ ಟಿರ್ಜಾ ಗಾರ್ವುಡ್ ಜೊತೆ ಮದುವೆ. ಆಕೆ ಈತನ ವಿದ್ಯಾರ್ಥಿನಿಯಾಗಿದ್ದವಳು, ಮರಗೆತ್ತನೆಯಲ್ಲಿ ಗುರುವಿಗೇನೂ ಕಮ್ಮಿ ಇರಲಿಲ್ಲ. ಮದುವೆಯಾದ ಮೇಲೆ ಆಕೆಯ ಉಳಿ ಹೆಚ್ಚುಕಮ್ಮಿ ಪಕ್ಕಕ್ಕೆ ಹೋಯ್ತು. ಮನೆ, ಮೂರು ಮಕ್ಕಳು, ಗಂಡನ ಬೇರೆ ಪ್ರೇಮಗಳು ಎಲ್ಲವನ್ನೂ ಆಕೆ ಸಂಭಾಳಿಸಬೇಕಾಯ್ತು. ಈ ಭಾಗವನ್ನು ಬಿಟ್ಟು ರವಿಲಿಯಸ್ ಕಥೆ ಹೇಳಿದರೆ ಅದು ಅರ್ಧ ಕಥೆ.

ಯುದ್ಧಕ್ಕೆ ಮೊದಲೇ ಆತ ಬಳಸಿ ಬಿಟ್ಟ ಯಂತ್ರಗಳ ಚಿತ್ರ ಬರೀತಿದ್ದ. ಮೂಲೆ ಸೇರಿದ ಕಾರು, ನೀರಿನ ಚಕ್ರ, ಬೇಸಾಯದ ಸಾಮಾನು. ರಾಜಕೀಯದಲ್ಲಿ ಆತ ಫ್ಯಾಸಿಸಂ ವಿರೋಧಿ. 1937ರಲ್ಲಿ ಕಲಾವಿದರು ಫ್ಯಾಸಿಸಂ ವಿರುದ್ಧ ನಡೆಸಿದ ಪ್ರದರ್ಶನಕ್ಕೆ ತನ್ನ ಕೆಲಸವನ್ನೂ ಕೊಟ್ಟಿದ್ದ. 1939ರಲ್ಲಿ ಯುದ್ಧ ಶುರುವಾದಾಗ ಬಂದೂಕು ಹಿಡಿಯೋಕೆ ಹೊರಟವನನ್ನು ಗೆಳೆಯರು ತಡೆದರು. ಮೊದಲು ಆಕಾಶದಲ್ಲಿ ಹೋಗೋ ವಿಮಾನಗಳ ಮೇಲೆ ಕಣ್ಣಿಡುವ ಕಾವಲು ದಳ ಸೇರಿದ. ಅದೇ ವರ್ಷದ ಕೊನೆಗೆ ಸರ್ಕಾರ ಆತನನ್ನು ಅಧಿಕೃತ ಯುದ್ಧ ಕಲಾವಿದನಾಗಿ ನೇಮಿಸಿಕೊಂಡಿತು.

1940ರ ಬೇಸಿಗೆಯಲ್ಲಿ ನಾರ್ವೆ ಕಡೆ ಹೋದ. ಅಲ್ಲಿ ಕಂಡದ್ದರಿಂದ ಹುಟ್ಟಿದ ಚಿತ್ರ ‘ಎಚ್‌ಎಂಎಸ್ ಗ್ಲೋರಿಯಸ್ ಇನ್ ದಿ ಆರ್ಕ್ಟಿಕ್’. ನಡುರಾತ್ರಿಯಲ್ಲೂ ಮುಳುಗದ ಸೂರ್ಯ, ತಣ್ಣನೆ ಸಮುದ್ರ, ವಿಮಾನವಾಹಕ ಹಡಗಿನ ಮೇಲೆ ಇಳಿಯುತ್ತಿರೋ ಪುಟ್ಟ ಪುಟ್ಟ ವಿಮಾನಗಳು. ಆ ವಿಮಾನಗಳು ಇಳಿದ ಮಾರನೇ ಸಂಜೆ, ಜೂನ್ 8ರಂದು, ಜರ್ಮನ್ ನೌಕೆಗಳು ಗ್ಲೋರಿಯಸ್ ಮತ್ತು ಅದರ ಜೊತೆಗಿದ್ದ ಎರಡು ಹಡಗುಗಳನ್ನು ಮುಳುಗಿಸಿದವು. 1,500ಕ್ಕೂ ಹೆಚ್ಚು ಜನ ಸತ್ತರು. ಚಿತ್ರದಲ್ಲಿ ಆ ಸಾವು ಇಲ್ಲ. ಶತ್ರುವೂ ಇಲ್ಲ, ವೀರನೂ ಇಲ್ಲ.

1942ರಲ್ಲಿ ಆತ ವಾಯುಪಡೆಯ ಜೊತೆ ಕೆಲಸ ಶುರು ಮಾಡಿದ. ಆತನಿಗೆ ಟೈಗರ್ ಮಾತ್ ವಿಮಾನದ ಹುಚ್ಚು ಹಿಡಿದದ್ದು ಆಗಲೇ. ಮರದ ರೆಕ್ಕೆ, ಮೇಲೆ ಬಿಗಿದ ಬಟ್ಟೆ, ಎರಡು ರೆಕ್ಕೆಗಳ ನಡುವೆ ಕಂಬ, ತಂತಿ. ಎರಡು ತೆರೆದ ಸೀಟು. 1931ರಲ್ಲಿ ಮೊದಲು ಹಾರಿದ ಈ ತರಬೇತಿ ವಿಮಾನದಲ್ಲೇ ಸಾವಿರಾರು ಹುಡುಗರು ಹಾರೋದು ಕಲಿತರು. ನಮ್ಮ ಹೈದರಾಬಾದಿನ ಬೇಗಂಪೇಟೆಯಲ್ಲಿ ಭಾರತೀಯ ಹುಡುಗರು ಕಲಿತದ್ದೂ ಇದರಲ್ಲೇ.

ಇಂಥ ವಿಮಾನಗಳ ಆಕರ್ಷಣೆ ಏನು ಅಂತ ಹೇಳಬೇಕು. ಇವತ್ತು ನಾವು ಹತ್ತೋ ವಿಮಾನಕ್ಕೆ ಮೂಗಿನ ಕೆಳಗೆ ಚಕ್ರ ಇರುತ್ತೆ, ಅದು ನೆಲದ ಮೇಲೆ ಮಟ್ಟಸವಾಗಿ ನಿಲ್ಲುತ್ತೆ. ಹಳೇ ವಿಮಾನಗಳಿಗೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ ಅಥವಾ ಬರೀ ಒಂದು ಊರುಗೋಲು. ನಿಂತಾಗ ಮೂಗು ಆಕಾಶಕ್ಕೆ, ಬಾಲ ನೆಲಕ್ಕೆ. ಪೈಲಟ್‌ಗೆ ಮುಂದಿನ ದಾರಿಯೇ ಕಾಣಲ್ಲ. ಹಾಗಾಗಿ ನೆಲದ ಮೇಲೆ ಹಾವಿನ ಥರ ಅಂಕುಡೊಂಕಾಗಿ ಓಡಿಸ್ತಾ, ಪಕ್ಕದಿಂದ ಇಣುಕಿ ನೋಡಬೇಕು. ಭಾರ ಮುಂದಿನ ಚಕ್ರಗಳ ಹಿಂದೆ ಇರೋದರಿಂದ, ಇಳಿಯುವಾಗ ಸ್ವಲ್ಪ ಅಡ್ಡ ತಿರುಗಿದರೂ ಹಿಂಭಾಗ ಮುಂದೆ ನುಗ್ಗಿ ಇಡೀ ವಿಮಾನ ಗಿರಕಿ ಹೊಡೆಯುತ್ತೆ. ಹಾರಾಟ ಮುಗೀತು ಅಂತ ಮೈ ಬಿಡೋ ಹಾಗಿಲ್ಲ, ನಿಲ್ಲೋವರೆಗೂ ಕೈಕಾಲು ಎಚ್ಚರ ಇರಬೇಕು. ಹುಲ್ಲು ಮೈದಾನದಲ್ಲಿ ಪ್ರೊಪೆಲ್ಲರ್ ನೆಲಕ್ಕೆ ತಾಗದಿರಲಿ, ತೂಕ ಕಮ್ಮಿ ಇರಲಿ ಅಂತ ಆಗಿನವರು ಹೀಗೆ ಕಟ್ಟಿದರು.

ನನಗೆ ಇಷ್ಟವಾಗೋದು ಈ ಯಂತ್ರ ಏನನ್ನೂ ಮುಚ್ಚಿಡಲ್ಲ ಅನ್ನೋದು. ಯಾವ ತಂತಿ ಯಾವುದನ್ನು ಎಳೆಯುತ್ತೆ ಅಂತ ಕಣ್ಣಿಗೆ ಕಾಣುತ್ತೆ. ರವಿಲಿಯಸ್ ಟೈಗರ್ ಮಾತ್ ಹತ್ತಿ, ಮೇಲೆ ಹಾರುತ್ತಲೇ ಸ್ಕೆಚ್ ಮಾಡ್ತಿದ್ದ. ಗದ್ದೆಬಯಲಿನ ಮೇಲೆ ತೇಲೋ ಹಗುರ ವಿಮಾನವನ್ನು ಆತ ಎತ್ತಿನ ಗಾಡಿ ನೋಡುವಷ್ಟೇ ಸಲುಗೆಯಿಂದ ನೋಡಿದ. ಅದೇ ವರ್ಷ ಸಾಬ್ರಿಜ್‌ವರ್ತ್ ವಾಯುನೆಲೆಯಲ್ಲಿ ಒಬ್ಬ ಕಾರ್ಪೊರಲ್‌ನ ಪಾರಿವಾಳದ ಗೂಡನ್ನೂ ಬರೆದ. ಸರ್ಕಾರಿ ಪೋಸ್ಟರ್‌ಗಳು ಗೆಲುವಿನ ಘೋಷಣೆ ಕೂಗ್ತಿದ್ದ ಕಾಲದಲ್ಲಿ ಆತನ ಚಿತ್ರಗಳು ಯಾರನ್ನೂ ದ್ವೇಷಿಸು ಅನ್ನಲಿಲ್ಲ, ಸೈನ್ಯ ಸೇರು ಅನ್ನಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಸುಲಭ. ಆದರೆ 1942ರ ಆಗಸ್ಟ್ ನಮಗೆ ಬೇರೆಯೇ ತಿಂಗಳು. ಕ್ವಿಟ್ ಇಂಡಿಯಾ ಚಳವಳಿ ಸಿಡಿದದ್ದು ಆಗ. ಬಿಹಾರದಲ್ಲಿ ರೈಲು ಹಳಿಗಳ ಮೇಲೆ ನೆರೆದ ಜನರ ಮೇಲೆ ಬ್ರಿಟಿಷ್ ಸರ್ಕಾರ ವಿಮಾನದಿಂದ ಮೆಷಿನ್‌ಗನ್ ಗುಂಡು ಹಾರಿಸಿತು. ಒಂದು ಕಡೆ ಅದೇ ಸರ್ಕಾರದ ಕಲಾವಿದ ವಿಮಾನದ ರೆಕ್ಕೆಗೆ ನವಿರಾದ ಬಣ್ಣ ಹಚ್ಚುತ್ತಿದ್ದ, ಇನ್ನೊಂದು ಕಡೆ ನಮ್ಮವರು ರೆಕ್ಕೆಯ ನೆರಳು ಕಂಡು ಓಡುತ್ತಿದ್ದರು. ಇದಕ್ಕೆ ರವಿಲಿಯಸ್ ಹೊಣೆ ಅಲ್ಲ. ಆದರೆ ಚಿತ್ರದ ಚೌಕಟ್ಟು ಎಲ್ಲಿ ಮುಗಿಯುತ್ತೆ ಅನ್ನೋದನ್ನ ನೋಡೋದು ನಮ್ಮ ಹೊಣೆ.

ಅದೇ ಆಗಸ್ಟ್ 28ಕ್ಕೆ ಆತ ಐಸ್‌ಲ್ಯಾಂಡ್‌ಗೆ ಹೊರಟ. ಮನೆಯಲ್ಲಿ ಟಿರ್ಜಾ ಆ ವಸಂತದಲ್ಲಷ್ಟೇ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮುಗಿಸಿದ್ದಳು, ಕೊನೆಯ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಸೆಪ್ಟೆಂಬರ್ 1ರಂದು ಕಾಲ್ದದಾರ್ನೆಸ್ ವಾಯುನೆಲೆ ತಲುಪಿದಾಗ ಒಂದು ಹಡ್ಸನ್ ವಿಮಾನ ವಾಪಸ್ ಬಂದಿರಲಿಲ್ಲ. ಮಾರನೇ ಬೆಳಗ್ಗೆ ಅದನ್ನು ಹುಡುಕಲು ಹೊರಟ ವಿಮಾನವೊಂದರಲ್ಲಿ ಈತನೂ ಹತ್ತಿದ. ಅದೂ ಬಾಲಚಕ್ರದ ಹಡ್ಸನ್ನೇ. ಅದೂ ವಾಪಸ್ ಬರಲಿಲ್ಲ. ಆತನಿಗೆ ಆಗ 39. ಚಿತ್ರದಿಂದ ಹೊರಗಿಟ್ಟಿದ್ದ ಸಾವು ಚಿತ್ರಕಾರನನ್ನೇ ಕರೆದೊಯ್ದಿತು. ಟಿರ್ಜಾ ಅದೇ ವರ್ಷ ಕೂತು ಆತ್ಮಕಥೆ ಬರೆದಳು, ಮುಂದೆ ಎಣ್ಣೆಬಣ್ಣದಲ್ಲಿ ತನ್ನದೇ ಚಿತ್ರಲೋಕ ಕಟ್ಟಿ 1951ರಲ್ಲಿ ತೀರಿಕೊಂಡಳು. ಲಂಡನ್ನಿನ ಡಲ್ವಿಚ್ ಗ್ಯಾಲರಿ ಆಕೆಯ ಕೆಲಸಕ್ಕೇ ಮೀಸಲಾದ ದೊಡ್ಡ ಪ್ರದರ್ಶನ ಇಟ್ಟಿದ್ದು 2024ರಲ್ಲಿ.

ಟಿರ್ಜಾ ತೀರಿಕೊಂಡ ಆ 1951ರ ಆಗಸ್ಟ್‌ನಲ್ಲೇ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಮೊದಲು ಹಾರಿತು. ನಮ್ಮ ವಾಯುಪಡೆಯಲ್ಲಿ ಟೈಗರ್ ಮಾತ್ ಜಾಗಕ್ಕೆ ಬಂದದ್ದು ಇದು, ಇದಕ್ಕೂ ಬಾಲಚಕ್ರವೇ. ವಿಮಾನ ತಾನಾಗಿ ಸಾಮ್ರಾಜ್ಯದ್ದೂ ಅಲ್ಲ, ಸ್ವಾತಂತ್ರ್ಯದ್ದೂ ಅಲ್ಲ. ಅದನ್ನು ಎಲ್ಲಿಗೆ, ಯಾರ ಮೇಲೆ ಕಳಿಸ್ತಾರೆ ಅನ್ನೋದರಲ್ಲಿ ರಾಜಕೀಯ ಇದೆ.

ಯಲಹಂಕದ ಏರ್ ಶೋ ಬಂದಾಗ ನಮ್ಮ ಫೋನಿನ ತುಂಬ ಫೈಟರ್ ಜೆಟ್ ರೀಲ್ಸ್, ಜೊತೆಗೆ ಎದೆ ನಡುಗಿಸೋ ಸಂಗೀತ. ಅದನ್ನು ನೋಡಿ ಖುಷಿ ಪಡೋದು ತಪ್ಪು ಅಂತ ನಾನು ಹೇಳಲ್ಲ, ನನಗೂ ಖುಷಿ ಆಗುತ್ತೆ. ರವಿಲಿಯಸ್ ನನಗೆ ಕಲಿಸಿದ್ದು ಇಷ್ಟು: ಯಂತ್ರವನ್ನು ಪ್ರೀತಿಸೋಕೆ ಯುದ್ಧವನ್ನು ಪ್ರೀತಿಸಬೇಕಿಲ್ಲ. ಆತ ಕಲಿಸದೇ ಬಿಟ್ಟದ್ದನ್ನು ಬಿಹಾರ ಕಲಿಸಿತು: ವಿಮಾನದ ಚಿತ್ರ ಎಷ್ಟೇ ಚಂದ ಇರಲಿ, ಅದರ ಕೆಳಗಿನ ನೆಲದಲ್ಲಿ ಯಾರಿದ್ದಾರೆ ಅಂತ ಒಮ್ಮೆ ಕೇಳಿಕೊಳ್ಳಿ.