ಸಂತ ವ್ಯಾಲೆಂಟೈನರ ಕಾರ್ಡು ಯಾರಿಗೆ?



ಫೆಬ್ರವರಿ 14 ಹತ್ತಿರ ಬರುತ್ತಿದೆ. ನಿಮ್ಮ ಮಗಳ ಪಠ್ಯಪುಸ್ತಕದ ನಡುವೆ ಕೆಂಪು ಹೃದಯದ ಚಿತ್ರವಿರುವ ಕಾರ್ಡೊಂದು ನಿಮ್ಮ ಕಣ್ಣಿಗೆ ಬಿತ್ತೆನ್ನಿ. ನಿಮ್ಮ ಎದೆ ಧಸಕ್ಕೆನ್ನುತ್ತದೆ. ಯಾರು ಕೊಟ್ಟರು, ಯಾರಿಗೆ ಕೊಡಲಿದ್ದಾಳೆ ಎಂಬ ಪ್ರಶ್ನೆ ಗದರಿಕೆಯಾಗಿ ಬಾಯಿಗೆ ಬರುತ್ತದೆ. ಸ್ವಲ್ಪ ತಾಳಿ. ಆ ಕಾರ್ಡನ್ನು ಅವಳು ತನ್ನ ಅಜ್ಜಿಗೆಂದು ಬರೆದಿರಬಹುದಲ್ಲವೇ? ಆ ದಿನಕ್ಕೆ ಹೆಸರು ಕೊಟ್ಟ ಸಂತರ ಬಾಳನ್ನು ಒಮ್ಮೆ ನೋಡಿ, ಆಮೇಲೆ ಮಗಳನ್ನು ಮಾತನಾಡಿಸಿ.

ವ್ಯಾಲೆಂಟೈನ್ ಮೂರನೆಯ ಶತಮಾನದವರು. ಪರಂಪರೆಯ ಪ್ರಕಾರ ಅವರು ರೋಮ್ ನಗರದ ಗುರುಗಳು. ಎರಡನೆಯ ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ 268ರಿಂದ 270ರ ನಡುವೆ, ವಿಶ್ವಾಸಕ್ಕಾಗಿ ಅವರನ್ನು ಬಂಧಿಸಲಾಯಿತು. ಚಕ್ರವರ್ತಿಯ ಎದುರಿಗೂ ಅವರು ಕ್ರಿಸ್ತರನ್ನು ಬಿಟ್ಟುಕೊಡಲಿಲ್ಲ. ಅವರನ್ನು ಆಸ್ಟೀರಿಯಸ್ ಎಂಬ ಅಧಿಕಾರಿಯ ವಶಕ್ಕೆ ಒಪ್ಪಿಸಲಾಯಿತು. ಆ ಮನೆಯಲ್ಲಿ ಕಣ್ಣು ಕಾಣದ ಸಾಕುಮಗಳೊಬ್ಬಳಿದ್ದಳು. ಸಂತರು ಪ್ರಾರ್ಥಿಸಿದಾಗ ಹುಡುಗಿಗೆ ದೃಷ್ಟಿ ಬಂದಿತು. ಮನೆಮಂದಿಯೆಲ್ಲ ದೀಕ್ಷಾಸ್ನಾನ ಪಡೆದರು ಎಂದು ಹಳೆಯ ಚರಿತ್ರೆ ಹೇಳುತ್ತದೆ. ಕೊನೆಗೆ ಫ್ಲಮೀನಿಯ ಹೆದ್ದಾರಿಯ ಬದಿಯಲ್ಲಿ ಅವರ ಶಿರಚ್ಛೇದವಾಯಿತು. ನಾಲ್ಕನೆಯ ಶತಮಾನದಲ್ಲಿ ಒಂದನೆಯ ಜೂಲಿಯಸ್ ಜಗದ್ಗುರುಗಳು ಅವರ ಸಮಾಧಿಯ ಬಳಿ ಒಂದು ದೇವಾಲಯ ಕಟ್ಟಿಸಿದರು.

ರೋಮ್ ನಗರದ ಉತ್ತರಕ್ಕಿರುವ ತೆರ್ನಿ ಎಂಬ ಊರಿನ ಧರ್ಮಾಧ್ಯಕ್ಷರಾಗಿದ್ದ ವ್ಯಾಲೆಂಟೈನರ ಚರಿತ್ರೆಯೂ ಇದೆ. ಕ್ರಾಟನ್ ಎಂಬ ಪಂಡಿತನ ಮಗನ ಮೈ ಕುಗ್ಗಿಹೋಗಿತ್ತು. ಈ ವ್ಯಾಲೆಂಟೈನರು ರೋಮಿಗೆ ಬಂದು ಆ ಹುಡುಗನನ್ನು ಗುಣಪಡಿಸಿದರು. ಅದಕ್ಕೆ ಪ್ರತಿಫಲವಾಗಿ ಅವರಿಗೆ ದೊರೆತದ್ದು ಮರಣದಂಡನೆ. ಇಬ್ಬರೂ ಒಬ್ಬರೇ ಇರಬಹುದೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ.

ವಾಚಕರೇ, ಒಂದು ಸಂಗತಿಯನ್ನು ಗಮನಿಸಿದಿರಾ? ಎರಡು ಚರಿತ್ರೆಗಳಲ್ಲಿಯೂ ಸಂತರ ಪ್ರೀತಿ ಹರಿದದ್ದು ಬೇರೆಯವರ ಮನೆಯ ನೊಂದ ಮಗುವಿನ ಕಡೆಗೆ. ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದರು, ಸಾಯುವ ಮುನ್ನ ಆ ಹುಡುಗಿಗೆ ಪತ್ರ ಬರೆದು ಸಹಿ ಹಾಕಿದರು ಎಂಬ ಕಥೆಗಳು ಬಹಳ ಕಾಲದ ನಂತರ ಸೇರಿಕೊಂಡವು.

ಹಾಗಾದರೆ ಪ್ರೇಮಿಗಳು ಎಲ್ಲಿಂದ ಬಂದರು? ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್, ಸಂತ ವ್ಯಾಲೆಂಟೈನರ ದಿನ ಹಕ್ಕಿಗಳು ಜೋಡಿ ಆರಿಸಿಕೊಳ್ಳುತ್ತವೆಂದು ಕಾವ್ಯದಲ್ಲಿ ಹಾಡಿದನು. 1477ರಲ್ಲಿ ಮಾರ್ಜರಿ ಬ್ರೂಸ್ ಎಂಬ ಇಂಗ್ಲೆಂಡಿನ ಕನ್ಯೆ ತಾನು ಮದುವೆಯಾಗಲಿದ್ದವನನ್ನು ಪತ್ರದಲ್ಲಿ ತನ್ನ ವ್ಯಾಲೆಂಟೈನ್ ಎಂದು ಕರೆದಳು. 1840ರಲ್ಲಿ ಅಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದ ಮೇಲೆ ಕಾರ್ಡುಗಳ ವ್ಯಾಪಾರ ಬೆಳೆಯಿತು. ಅಮೆರಿಕದಲ್ಲಿ ಈ ಕಾರ್ಡುಗಳನ್ನು ಮನೆಮಾತಾಗಿಸಿದ ಎಸ್ತರ್ ಹೌಲ್ಯಾಂಡ್ ಎಂಬಾಕೆ 1904ರಲ್ಲಿ ತೀರಿಕೊಳ್ಳುವವರೆಗೂ ಅವಿವಾಹಿತೆಯಾಗಿಯೇ ಇದ್ದರು. ಫಿನ್ಲೆಂಡಿನಲ್ಲಿ ಇಂದು ಇದೇ ದಿನದ ಹೆಸರು ಗೆಳೆಯರ ದಿನ. ಅಲ್ಲಿ ಕಾರ್ಡು ಹೋಗುವುದು ಮುಖ್ಯವಾಗಿ ಸ್ನೇಹಿತರಿಗೆ.

1969ರಲ್ಲಿ ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ಈ ಹಬ್ಬವನ್ನು ಕೈಬಿಡಲಾಯಿತು. ಸಂತರ ಬಗ್ಗೆ ಖಚಿತವಾಗಿ ತಿಳಿದದ್ದು ಬಹಳ ಕಡಿಮೆ ಎಂಬುದೇ ಕಾರಣ. ಆ ದಿನ ಈಗ ಸಂತ ಸಿರಿಲ್ ಮತ್ತು ಮೆಥೋಡಿಯಸರ ಸ್ಮರಣೆ. ಆದರೂ ರೋಮನ್ ಹುತಾತ್ಮರ ಪಟ್ಟಿಯಲ್ಲಿ ವ್ಯಾಲೆಂಟೈನರ ಹೆಸರು ಉಳಿದಿದೆ. ಅವರು ಇಂದಿಗೂ ನಮ್ಮ ಸಂತರೇ.

ಪ್ರೀತಿಯ ಗುರುತನ್ನು ಹಂಚಿಕೊಳ್ಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ಚಚಡಿ, ಸವದತ್ತಿ, ಬೈಲಹೊಂಗಲದ ಕಡೆ ದಸರೆಯಲ್ಲಿ ನೆರೆಹೊರೆಯವರು ಬನ್ನಿ ಎಲೆ ಕೊಟ್ಟು ಬಂಗಾರದಂತೆ ಬಾಳೋಣವೆಂದು ಹಾರೈಸುವುದನ್ನು ನೀವು ಕಂಡಿದ್ದೀರಿ. ಚಿಕ್ಕವರು ಹಿರಿಯರ ಕಾಲು ಮುಟ್ಟುತ್ತಾರೆ. ಮಾತು ಬಿಟ್ಟವರೂ ಅಂದು ಮಾತನಾಡುತ್ತಾರೆ. ಸಂಕ್ರಾಂತಿಯ ಕುಸುರೆಳ್ಳೂ ಹಾಗೆಯೇ. ಅದು ಗಂಡಹೆಂಡಿರಿಗೆ ಮಾತ್ರವೆಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಕಾಗದದ ಕಾರ್ಡಿಗೆ ಮಾತ್ರ ಆ ಕಟ್ಟು ಏಕೆ?

ಗಂಡುಹೆಣ್ಣಿನ ಪ್ರೀತಿ ಕೀಳೆಂದು ಇದರ ಅರ್ಥವಲ್ಲ. ವಿವಾಹ ಒಂದು ಪವಿತ್ರ ಸಂಸ್ಕಾರ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಹೆಂಡತಿಗೆ ಒಂದು ಒಳ್ಳೆಯ ಮಾತು ಬರೆದುಕೊಡದ ಯಜಮಾನರೇ, ಮೊದಲ ಕಾರ್ಡು ನಿಮ್ಮ ಕೈಯಿಂದಲೇ ಹೋಗಲಿ. ಎರಡನೆಯದು ಪತಿಯನ್ನು ಕಳೆದುಕೊಂಡು ಪೂಜೆಯಲ್ಲಿ ಒಬ್ಬರೇ ಕೂರುವ ಆ ತಾಯಿಗೆ. ಮೂರನೆಯದು ಹಾಸ್ಟೆಲಿನಲ್ಲಿರುವ ಮಗನಿಗೆ. ಮೊಬೈಲಿನಲ್ಲಿ ಬಂದ ಚಿತ್ರವನ್ನು ಎಲ್ಲರಿಗೂ ತಳ್ಳಿಬಿಡುವುದು ಸುಲಭ. ಕೈಯಿಂದ ಬರೆದ ಎರಡು ಸಾಲನ್ನು ಜನರು ಬೈಬಲಿನ ಪುಟಗಳ ನಡುವೆ ಇಟ್ಟುಕೊಳ್ಳುತ್ತಾರೆ.

ಇನ್ನು ಮಗಳ ಪುಸ್ತಕದಲ್ಲಿ ಸಿಕ್ಕ ಆ ಕಾರ್ಡು. ಅದನ್ನು ಹರಿಯಬೇಡಿ, ಇದ್ದಲ್ಲಿಯೇ ಇಡಿ. ಊಟದ ಹೊತ್ತಿಗೆ ಅವಳ ಪಕ್ಕದಲ್ಲಿ ಕುಳಿತು ಈ ಸಂತರ ಕಥೆ ಹೇಳಿ, ಅವಳು ಹೇಳುವುದನ್ನು ಕೇಳಿ. ಅದು ಅಜ್ಜಿಗಾದರೆ ನೀವೂ ಒಂದು ಸಾಲು ಸೇರಿಸಿ. ಯಾವುದೋ ಹುಡುಗನಿಗಾದರೂ, ಅದನ್ನು ಅವಳು ಮೊದಲು ನಿಮಗೇ ಹೇಳುವಷ್ಟು ಧೈರ್ಯ ನಿಮ್ಮ ಮನೆಯಲ್ಲಿರಲಿ.