ಡಿಸ್ಕ್ ಬ್ರೇಕಿನ ಎಣ್ಣೆಗೆ ಬಲ ಎಲ್ಲಿಂದ ಬರುತ್ತದೆ? ಪಾಸ್ಕಲ್ ಬದುಕಿನಲ್ಲಿದೆ ಉತ್ತರ

ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಬರುವ ಮೌಂಟನ್ ಬೈಕನ್ನು ಸವಾರ ಒಂದೆರಡು ಬೆರಳುಗಳಿಂದಲೇ ನಿಲ್ಲಿಸಬಲ್ಲ. ಬೆರಳಿಗೂ ಗಾಲಿಯ ಡಿಸ್ಕಿಗೂ ನಡುವೆ ಇರುವುದು ಒಂದು ಸಣ್ಣ ಕೊಳವೆ, ಅದರ ತುಂಬ ಎಣ್ಣೆ. ಆ ಎಣ್ಣೆಯೇ ಬಲವನ್ನು ಹುಟ್ಟಿಸುತ್ತದೆ ಎಂದು ಹಲವರು ನಂಬಿದ್ದಾರೆ. ನಿಜವಾಗಿ ಎಣ್ಣೆ ಏನನ್ನೂ ಹುಟ್ಟಿಸುವುದಿಲ್ಲ. ಅದು ಮಾಡುವುದು ಒಂದು ವಿನಿಮಯ. ಈ ವಿನಿಮಯದ ಲೆಕ್ಕವನ್ನು ಸ್ಪಷ್ಟವಾಗಿ ಬರೆದಿಟ್ಟವರು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಆಗ ಬ್ರೇಕ್ ಇರಲಿ, ಸೈಕಲ್ಲೇ ಹುಟ್ಟಿರಲಿಲ್ಲ.

ತಾಯಿಯಿಲ್ಲದ ಹುಡುಗ

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಮಧ್ಯ ಫ್ರಾನ್ಸಿನ ಕ್ಲೆರ್ಮೋನ್ ಊರಿನಲ್ಲಿ. ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಗಣಿತ ಬಲ್ಲ ತಂದೆ ಎತಿಯೆನ್ 1631ರಲ್ಲಿ ಮೂವರು ಮಕ್ಕಳನ್ನು ಕರೆದುಕೊಂಡು ಪ್ಯಾರಿಸಿಗೆ ಬಂದು, ಮಗನಿಗೆ ಮನೆಯಲ್ಲಿ ತಾವೇ ಪಾಠ ಹೇಳಿದರು. ಮೊದಲು ಭಾಷೆಗಳು ಬರಲಿ ಎಂದು ಗಣಿತದ ಪುಸ್ತಕಗಳನ್ನು ಅವನ ಕೈಗೆ ಸಿಗದಂತೆ ಇಟ್ಟಿದ್ದರು. ಆದರೂ ಹುಡುಗ ನೆಲದ ಮೇಲೆ ಇದ್ದಿಲಿನಿಂದ ಆಕೃತಿಗಳನ್ನು ಬರೆದು ತಾನೇ ರೇಖಾಗಣಿತ ಕಲಿಯತೊಡಗಿದ ಎಂದು ಅಕ್ಕ ಗಿಲ್ಬರ್ತ್ ಅವರ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ.

ಮುಂದೆ ತಂದೆಗೆ ರೂಆನ್ ಪಟ್ಟಣದಲ್ಲಿ ತೆರಿಗೆ ಇಲಾಖೆಯ ಕೆಲಸ ಬಂತು. ರಾತ್ರಿಯೆಲ್ಲ ಲೆಕ್ಕ ಕೂಡಿಸುವ ತಂದೆಯ ಕಷ್ಟ ನೋಡಿ ಪಾಸ್ಕಲ್ 1642ರಲ್ಲಿ ಹಲ್ಲುಚಕ್ರಗಳ ಲೆಕ್ಕದ ಯಂತ್ರವೊಂದನ್ನು ಮಾಡಲು ಹೊರಟರು. ಹಲವಾರು ಮಾದರಿಗಳ ನಂತರ ಅದು ಸಿದ್ಧವಾಯಿತು. ಆ ಯಂತ್ರಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಆದರೆ ಹದಿನೆಂಟರ ಹೊತ್ತಿಗೇ ಅವರ ಆರೋಗ್ಯ ಕೈಕೊಟ್ಟಿತ್ತು. ನಂತರದ ಕೆಲಸವೆಲ್ಲ ನಡೆದದ್ದು ನೋವಿನ ನಡುವೆಯೇ.

ಬೆಟ್ಟ ಹತ್ತಿದ ಪಾದರಸ

ಪ್ರಕೃತಿ ಖಾಲಿ ಜಾಗವನ್ನು ಸಹಿಸುವುದಿಲ್ಲ, ಅದಕ್ಕೇ ಪಂಪಿನಲ್ಲಿ ನೀರು ಮೇಲೇರುತ್ತದೆ ಎಂಬುದು ಆ ಕಾಲದ ವಿದ್ವಾಂಸರ ನಂಬಿಕೆ. ಇಟಲಿಯ ಟೊರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ತಲೆಕೆಳಗಾಗಿ ನಿಲ್ಲಿಸಿದಾಗ ಪಾದರಸ ಸ್ವಲ್ಪ ಇಳಿದು ನಿಂತಿತು, ಮೇಲೆ ಖಾಲಿ ಜಾಗ ಉಳಿಯಿತು. ಪಾದರಸವನ್ನು ಎತ್ತಿ ಹಿಡಿದಿರುವುದು ಹೊರಗಿನ ಗಾಳಿಯ ಭಾರವೇ? ಹಾಗಿದ್ದರೆ, ಎತ್ತರಕ್ಕೆ ಹೋದಂತೆ ಮೇಲಿರುವ ಗಾಳಿ ಕಡಿಮೆಯಾಗಿ ಪಾದರಸವೂ ಇಳಿಯಬೇಕು ಎಂದು ಪಾಸ್ಕಲ್ ಯೋಚಿಸಿದರು.

ಪ್ಯಾರಿಸ್ ಸುತ್ತ ಅಷ್ಟು ಎತ್ತರದ ಬೆಟ್ಟಗಳಿಲ್ಲ. ಹುಟ್ಟೂರಿನ ಪಕ್ಕದಲ್ಲಿ ಮಾತ್ರ 1,465 ಮೀಟರ್ ಎತ್ತರದ ಪುಯಿ ದ ದೋಮ್ ಇತ್ತು. ಅಲ್ಲೇ ಇದ್ದ ಭಾವ ಫ್ಲೋರಿನ್ ಪೆರಿಯೆ ಅವರಿಗೆ ಕೆಲಸ ಒಪ್ಪಿಸಿದರು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಕೊಳವೆ ಹೊತ್ತು ಬೆಟ್ಟ ಹತ್ತಿದರು. ಇನ್ನೊಂದು ಕೊಳವೆಯನ್ನು ಕೆಳಗಿನ ಮಠದ ತೋಟದಲ್ಲಿಟ್ಟು, ದಿನವಿಡೀ ನೋಡಿಕೊಳ್ಳಲು ಒಬ್ಬ ಪಾದ್ರಿಯನ್ನು ಕೂರಿಸಿದ್ದರು. ಕೆಳಗಿನ ಪಾದರಸ ಕದಲಲಿಲ್ಲ. ಬೆಟ್ಟದ ತುದಿಯಲ್ಲಿ ಅದು ಎಂಟು ಸೆಂಟಿಮೀಟರಿಗಿಂತ ಹೆಚ್ಚು ಇಳಿದಿತ್ತು. ಹಳೆಯ ನಂಬಿಕೆಗೆ ಅಂದು ದೊಡ್ಡ ಪೆಟ್ಟು ಬಿತ್ತು.

ಬಲದ ಲಾಭ, ದೂರದ ನಷ್ಟ

ಗಾಳಿಯ ನಂತರ ಪಾಸ್ಕಲ್ ದ್ರವಗಳ ಕಡೆ ತಿರುಗಿದರು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಅಷ್ಟೇ ಪ್ರಮಾಣದಲ್ಲಿ ಹರಡುತ್ತದೆ. ಶಾಲೆಯಲ್ಲಿ ನೀವು ಓದಿದ ಪಾಸ್ಕಲ್ ನಿಯಮ ಇದೇ. ಅವರು ಕೊಟ್ಟ ಉದಾಹರಣೆಯಲ್ಲಿ ಪಾತ್ರೆಗೆ ಎರಡು ಬಾಯಿಗಳಿವೆ; ಒಂದು ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದು. ಚಿಕ್ಕ ಬಾಯಿಯ ಪಿಸ್ಟನ್ನನ್ನು ಒಬ್ಬ ಒತ್ತಿದರೆ, ದೊಡ್ಡ ಬಾಯಿಯನ್ನು ಒತ್ತುವ ನೂರು ಜನರಿಗೆ ಸಮನಾಗುತ್ತಾನೆ. ಆದರೆ ಚಿಕ್ಕ ಪಿಸ್ಟನ್ ಒಂದು ಅಂಗುಲ ಸರಿದರೆ ದೊಡ್ಡದು ಸರಿಯುವುದು ಅಂಗುಲದ ನೂರರಲ್ಲಿ ಒಂದು ಪಾಲು ಮಾತ್ರ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳಬೇಕು.

ಇಲ್ಲಿ ಎರಡು ತಪ್ಪು ಕಲ್ಪನೆಗಳನ್ನು ಸರಿಪಡಿಸಬೇಕು. ಉದ್ದದ ಕೊಳವೆಯಲ್ಲಿ ನೀರು ಸುರಿದು ಪಾಸ್ಕಲ್ ಪೀಪಾಯಿ ಒಡೆದರು ಎಂಬ ಕಥೆ ಬಹಳ ಪ್ರಸಿದ್ಧ. ಭೌತಶಾಸ್ತ್ರದ ಪ್ರಕಾರ ಅದು ಸಾಧ್ಯ, ಆದರೆ ಉಳಿದುಬಂದಿರುವ ಅವರ ಬರಹಗಳಲ್ಲಿ ಆ ಪ್ರಯೋಗ ಕಾಣುವುದಿಲ್ಲ. ಹೈಡ್ರಾಲಿಕ್ ಬ್ರೇಕನ್ನು ಕಂಡುಹಿಡಿದದ್ದೂ ಅವರಲ್ಲ. ಈ ನಿಯಮದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 20ನೇ ಶತಮಾನದಲ್ಲಿ.

ನಿಮ್ಮ ಬೈಕಿನಲ್ಲಿ ಈ ಲೆಕ್ಕ

ಬೈಕಿನ ಲಿವರಿನಲ್ಲಿರುವುದು ಚಿಕ್ಕ ಪಿಸ್ಟನ್, ಗಾಲಿಯ ಬಳಿಯ ಕ್ಯಾಲಿಪರಿನಲ್ಲಿರುವುದು ದೊಡ್ಡ ಪಿಸ್ಟನ್ನುಗಳು. ಬೆರಳು ಎಷ್ಟೋ ದೂರ ಸರಿದರೂ ಪ್ಯಾಡುಗಳು ಸರಿಯುವುದು ಮಿಲಿಮೀಟರಿಗಿಂತ ಕಡಿಮೆ. ದೂರದ ಈ ಬಂಡವಾಳ ಇಷ್ಟು ಚಿಕ್ಕದಾದ್ದರಿಂದ ಒಂದು ಗಾಳಿಗುಳ್ಳೆಯೂ ಅಪಾಯಕಾರಿ. ಎಣ್ಣೆ ಕುಗ್ಗುವುದಿಲ್ಲವೆನ್ನುವಷ್ಟು ಕಡಿಮೆ ಕುಗ್ಗುತ್ತದೆ, ಗಾಳಿ ಸುಲಭವಾಗಿ ಕುಗ್ಗುತ್ತದೆ. ಲಿವರ್ ಸ್ಪಂಜಿನಂತೆ ಮೆತ್ತಗಾಗಿ ಹ್ಯಾಂಡಲ್ಲಿನವರೆಗೂ ಬಂದರೆ ಒಳಗೆ ಗಾಳಿ ಸೇರಿರಬಹುದು. ಯಾವ ಬೋಲ್ಟ್ ಬಿಗಿ ಮಾಡಿದರೂ ಅದು ಹೋಗುವುದಿಲ್ಲ. ಬ್ಲೀಡಿಂಗ್ ಮಾಡಿಸಿ ಗಾಳಿ ತೆಗೆಸಬೇಕು. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ಫ್ಲೂಯಿಡ್ ಹಾಕಿದರೆ, ಅಥವಾ ಅದಕ್ಕೆ ಇದು ಹಾಕಿದರೆ, ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಡಿಸ್ಕಿಗೆ ಪ್ಯಾಡ್ ಉಜ್ಜಿ ಸದ್ದು ಬರುವುದು ಬೇರೆ ತೊಂದರೆ. ಅನೇಕ ಸಲ ಕ್ಯಾಲಿಪರ್ ನಡುವಿನಿಂದ ಸರಿದಿರುತ್ತದೆ. ಮೊದಲು ಗಾಲಿ ಸರಿಯಾಗಿ ಕೂತಿದೆಯೇ ನೋಡಿ. ಕ್ಯಾಲಿಪರಿನ ಎರಡೂ ಬೋಲ್ಟುಗಳನ್ನು ಅದು ಅಲುಗಾಡುವಷ್ಟು ಸಡಿಲಿಸಿ, ಲಿವರನ್ನು ಗಟ್ಟಿಯಾಗಿ ಹಿಡಿಯಿರಿ. ಎರಡೂ ಬದಿಯ ಪಿಸ್ಟನ್ನುಗಳ ಮೇಲೆ ಒತ್ತಡ ಒಂದೇ. ಮೊದಲು ಡಿಸ್ಕ್ ಮುಟ್ಟಿದ ಪ್ಯಾಡ್ ಕ್ಯಾಲಿಪರನ್ನೇ ತನ್ನ ಕಡೆಗೆ ಸರಿಸುತ್ತದೆ, ಇನ್ನೊಂದೂ ಮುಟ್ಟಿದಾಗ ಕ್ಯಾಲಿಪರ್ ನಡುವಿಗೆ ಬಂದು ನಿಲ್ಲುತ್ತದೆ. ಲಿವರ್ ಬಿಡದೆ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಬಿಗಿ ಮಾಡಿ. ಜೋಡಿಸುವ ಕೆಲಸವನ್ನು ಪಾಸ್ಕಲ್ ನಿಯಮವೇ ಮಾಡಿಕೊಟ್ಟಂತಾಯಿತು.

ಒಂದು ಪಿಸ್ಟನ್ ಕೊಳೆಯಿಂದ ಅಂಟಿಕೊಂಡಿದ್ದರೆ ಈ ಉಪಾಯ ಫಲಿಸದು. ಮೊದಲು ಅದನ್ನು ಸ್ವಚ್ಛ ಮಾಡಬೇಕು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಉಜ್ಜಿದರೆ ಡಿಸ್ಕ್ ಬಾಗಿದೆ ಎಂದರ್ಥ. ಸದ್ದು ನಿಲ್ಲಲೆಂದು ಡಿಸ್ಕಿಗೆ ಎಣ್ಣೆ ಮಾತ್ರ ಹಚ್ಚಬೇಡಿ, ಬ್ರೇಕ್ ಹಿಡಿಯುವುದೇ ಇಲ್ಲ. ಗಾಲಿ ತೆಗೆದಾಗ ಲಿವರ್ ಒತ್ತಬೇಡಿ, ಪ್ಯಾಡುಗಳು ಮುಂದೆ ಬಂದು ಡಿಸ್ಕ್ ಒಳಹೋಗಲು ಜಾಗವಿರುವುದಿಲ್ಲ.

ಕೊನೆಯ ವರ್ಷಗಳು

1654ರಲ್ಲಿ ಪಾಸ್ಕಲ್ ಇನ್ನೊಬ್ಬ ಗಣಿತಜ್ಞ ಫರ್ಮಾ ಜೊತೆ ಪತ್ರ ಬರೆದುಕೊಳ್ಳುತ್ತಾ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದರು. ಅದೇ ವರ್ಷದ ನವೆಂಬರ್ 23ರ ರಾತ್ರಿ ಆದ ಧಾರ್ಮಿಕ ಅನುಭವವೊಂದರ ನಂತರ ಮನಸ್ಸು ದೇವರ ಕಡೆ ತಿರುಗಿತು. ವಿಜ್ಞಾನದ ಕೆಲಸ ವಿರಳವಾಯಿತು. 1662ರ ಮಾರ್ಚಿಯಲ್ಲಿ, ತೀವ್ರ ಅನಾರೋಗ್ಯದ ನಡುವೆಯೂ, ನಿಗದಿತ ದಾರಿ ಮತ್ತು ನಿಗದಿತ ದರದ ಬಾಡಿಗೆ ಸಾರೋಟುಗಳನ್ನು ಪ್ಯಾರಿಸ್ ಬೀದಿಗಳಲ್ಲಿ ಓಡಿಸಲು ಕಾರಣರಾದರು. ಇಂದಿನ ಸಿಟಿ ಬಸ್ಸಿನ ಹಿರಿಯಜ್ಜ ಎನ್ನಬಹುದಾದ ವ್ಯವಸ್ಥೆ ಅದು. ಅದೇ ಆಗಸ್ಟ್ 19ರಂದು, 39ನೇ ವಯಸ್ಸಿನಲ್ಲಿ, ತೀರಿಕೊಂಡರು.

ದ್ರವಗಳ ಬಗ್ಗೆ ಬರೆದ ಗ್ರಂಥವನ್ನು ಅವರು ಅಚ್ಚಿನಲ್ಲಿ ನೋಡಲಿಲ್ಲ. ಅದು ಹೊರಬಂದದ್ದು 1663ರಲ್ಲಿ. 1971ರಿಂದ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಅವರದೇ ಹೆಸರಿದೆ. ಇಳಿಜಾರಿಗೆ ಹೊರಡುವ ಮುನ್ನ ಎರಡೂ ಲಿವರುಗಳನ್ನು ಒಮ್ಮೆ ಒತ್ತಿ ನೋಡಿ. ಗಟ್ಟಿಯಾಗಿ ನಿಂತರೆ ಅವರ ಲೆಕ್ಕ ನಿಮ್ಮ ಬೈಕಿನಲ್ಲಿ ಸರಿಯಾಗಿದೆ. ಮೆತ್ತಗಿದ್ದರೆ ಅಂದು ಇಳಿಯಬೇಡಿ.